ಇನ್ನೂರ ಇಪ್ಪತ್ತೊಂದನೆಯ ಪುಟ

ಆ ದಿನ ಸಂಜೆ ನಾಲ್ಕರ ತನಕ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದೇನೂ ಅವನಿಗೆ ಹೊಸತಲ್ಲ. ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಅವನು ಚೆನ್ನಾಗಿ ಕಲಿತ ವಿದ್ಯೆ ಅಂತ ಒಂದಿದ್ದರೆ ಅದೇ. ಆದರೂ ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ ನಿಂತವನು, ಅರ್ಧ ಮುಖ ಇನ್ನೂ ಬಾಕಿಯಿದೆ ಎನ್ನುವುದನ್ನೇ ಮರೆತು ರೇಜರು ತೊಳೆದಿಟ್ಟು ಹೊರಗೆ ಬಂದ. ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಿ, "ಏನ್ರೀ ಇದು, ಅರ್ಧ ಸನ್ಯಾಸ ತಗೊಂಡಿದೀರಾ?" ಎಂದಳು. ಅವನು ಕೆನ್ನೆ ಮುಟ್ಟಿ ನೋಡಿಕೊಂಡ. ಒಂದು ಕಡೆ ನುಣುಪು. ಇನ್ನೊಂದು ಕಡೆ ಸೋಪಿನ ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ನಿನ್ನೆ ಮಧ್ಯಾಹ್ನದಿಂದ ಅವನಿಗೆ ಮೈಯೊಳಗೆಲ್ಲ ಹಾಗೇ ಇತ್ತು. ವಾಪಸ್ಸು ಹೋಗಿ ಉಳಿದರ್ಧ ಹೆರೆದುಕೊಂಡ.

ಅಕ್ಕನ ಕೋಣೆಯಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟು ಅವಳನ್ನು ಕೂರಿಸಿಯಾಗಿತ್ತು. ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಹದಿನಾಲ್ಕು ತಿಂಗಳ ಹಿಂದೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ಹೆಂಡತಿ ಈಗ ಲೋಟದ ಹಾಲಿಗೆ ಡಬ್ಬಿಯಿಂದ ಎರಡು ಚಮಚ ಬಿಳಿ ಪುಡಿ ಹಾಕಿ ಕದಡುತ್ತಿದ್ದಳು. ತೆಳ್ಳಗಿನದು ಏನು ಕೊಟ್ಟರೂ ಉಸಿರಿನ ನಾಳಕ್ಕೆ ಇಳಿದುಬಿಡುತ್ತದೆ, ನೀರನ್ನು ಕೂಡ ಗಟ್ಟಿ ಮಾಡಿಯೇ ಕೊಡಬೇಕು ಎಂದು ಡಾಕ್ಟರು ಹೇಳಿದ್ದರು. "ನೀರು ಗಟ್ಟಿ ಮಾಡೋಕೆ ನಾನೇನು ಮಾಟಗಾತೀನಾ?" ಎಂದು ಮೊದಮೊದಲು ನಕ್ಕವಳು ಈಗ ಆ ಕೆಲಸವನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಾಳೆ. ಆ ಡಬ್ಬಿಯ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏನು ಬರೆದಿದೆ ಎಂಬುದು ಅವನಿಗೆ ಬಾಯಿಪಾಠ: ಮೆಕ್ಕೆಜೋಳದ ಪಿಷ್ಟ. ಮನೆಗೆ ಬಂದ ಡಬ್ಬಿಗಳನ್ನೆಲ್ಲ ತಿರುಗಿಸಿ ಓದುವುದು ಅವನ ಕಸುಬು ಹಚ್ಚಿದ ಚಾಳಿ. ಅಕ್ಕ ಅವನನ್ನು ನೋಡಿ ಎಡಗೈಯ ಎರಡು ಬೆರಳು ಎತ್ತಿದಳು. ಅದು 'ಹೊರಟೆಯಾ' ಅಂತಲೋ, 'ಬೇಗ ಬಾ' ಅಂತಲೋ, ಇಲ್ಲಾ 'ಏನೋ ನಿನ್ನ ಮುಖ ಹೀಗಿದೆ' ಅಂತಲೋ, ಇಷ್ಟು ದಿನವಾದರೂ ಅವನಿಗೆ ತಿಳಿದಿಲ್ಲ. "ಹೂಂ ಅಕ್ಕ" ಎಂದು ಹೇಳಿ ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿದ್ದವರು ಯಾವುದೋ ಪೊಟ್ಟಣ ಹರಿದು ತಿನ್ನುತ್ತಿದ್ದರು. ಪೊಟ್ಟಣದ ಹಿಂದೆ ಏನು ಬರೆದಿದೆ ಎಂದು ಅವರು ನೋಡಲಿಲ್ಲ. ಯಾಕೆ ನೋಡಬೇಕು? ನೋಡಲಿಕ್ಕೆಂದೇ ಸಂಬಳ ಕೊಟ್ಟು ಅವನಂಥವರನ್ನು ಇಟ್ಟಿದ್ದಾರಲ್ಲ. ಪ್ರಯೋಗಾಲಯದಲ್ಲಿ ಕುಲ ತಿದ್ದಿದ ಕುಲಾಂತರಿ ಬೆಳೆ ಯಾವುದೇ ಇರಲಿ, ಜನರ ತಟ್ಟೆಗೋ ದನಕೋಳಿಗಳ ಮೇವಿಗೋ ಹೋಗುವ ಮೊದಲು ಅವನ ಕಚೇರಿಯಲ್ಲಿ ಒಪ್ಪಿಗೆ ಪಡೆದು ಹೋಗಬೇಕು. ಕಂಪನಿಯವರು ತಂದೊಪ್ಪಿಸುವ ಕಡತ ಸಾವಿರಾರು ಪುಟದ್ದು. ಅದನ್ನು ಮೊಟ್ಟಮೊದಲು ಮುಟ್ಟುವವನು ಅವನು. ಪುಟ ಪುಟವನ್ನೂ ನೋಡಿ, ಇರಬೇಕಾದ್ದೆಲ್ಲ ಇದೆ, ಸರಿಯಾಗಿಯೇ ಇದೆ ಎಂದು ಪ್ರತಿ ಪುಟದ ಬುಡದಲ್ಲಿ ಒಂದು ಟಿಕ್ಕು ಎಳೆದು ಚಿಕ್ಕ ಸಹಿ ಹಾಕಬೇಕು, ಕೊನೆಗೆ ಒಂದು ಸಾರಾಂಶ ಬರೆದಿಡಬೇಕು. ಈ ಕಾರಣಕ್ಕೇ ಕಚೇರಿಯಲ್ಲಿ ಅವನಿಗೆ ಟಿಕ್ ಮೇಷ್ಟ್ರು ಅಂತ ಹೆಸರು. ಆಮೇಲೆ ಕಡತ ದೊಡ್ಡ ದೊಡ್ಡ ತಜ್ಞರ ಕೈ ಸುತ್ತಿ ಬರುತ್ತದೆ. ಕಟ್ಟಕಡೆಗೆ ಕರಡು ಅಭಿಪ್ರಾಯವನ್ನು ಹತ್ತು ದಿನ ಎಲ್ಲರ ಕಂಪ್ಯೂಟರಿಗೂ ಹಾಕಿರುತ್ತಾರೆ. ಹತ್ತನೆಯ ದಿನ ಸಂಜೆ ನಾಲ್ಕರೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ಒಪ್ಪಿಗೆಯಾಯಿತು ಎಂದೇ ಅರ್ಥ. ಮತ ಹಾಕುವುದಿಲ್ಲ, ಕೈ ಎತ್ತುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಒಂದು ಹೊಸ ಮೆಕ್ಕೆಜೋಳದ ಕಡತಕ್ಕೆ ಇವತ್ತು ಹತ್ತನೆಯ ದಿನ.

ನಿನ್ನೆ ಅವನು ಆ ಕಡತದ ಒಂದು ಪುಟ ತೆಗೆದದ್ದು ಓದಲಿಕ್ಕಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವ ಹಾಗಿಲ್ಲ. ಕಪಾಟಿನಲ್ಲಿರುವ ಮೂಲ ಪ್ರತಿಯ ಮೂರನೆಯ ಸಂಪುಟವನ್ನು ಅವನು ತಿಂಗಳಿಗೆ ಒಂದೆರಡು ಸಲ ಕೆಳಗಿಳಿಸಿ, ಇನ್ನೂರ ಇಪ್ಪತ್ತೊಂದನೆಯ ಪುಟ ತೆಗೆದು, ಬುಡದಲ್ಲಿರುವ ತನ್ನ ಸಹಿಯನ್ನಷ್ಟೇ ನೋಡಿ ಮತ್ತೆ ಮೇಲಿಡುತ್ತಿದ್ದ. ಉಳಿದ ಪುಟಗಳಲ್ಲೆಲ್ಲ ಸಹಿ ಅಚ್ಚು ಒತ್ತಿದ ಹಾಗಿದೆ. ಆ ಒಂದು ಪುಟದಲ್ಲಿ ಮಾತ್ರ ಅದರ ಬಾಲ ಜಾರಿ ಕಾಗದದ ಅಂಚಿನ ತನಕ ಓಡಿದೆ. ಅಲ್ಲಿ ಸಹಿ ಹಾಕುವಾಗ ಅಕ್ಕ ಅವನ ಮೊಣಕೈ ಮುಟ್ಟಿದ್ದಳು. ಹದಿನಾಲ್ಕು ತಿಂಗಳ ಹಿಂದೆ ಅವಳನ್ನು ಮಂಡಿಯ ಆಪರೇಷನ್ನಿಗೆ ಆಸ್ಪತ್ರೆಗೆ ಸೇರಿಸಿದ್ದರು. ಎಲ್ಲ ಸುಸೂತ್ರ ಮುಗಿದು, ನಾಳೆ ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಕಡತದ ಗಡುವು ಅವತ್ತೇ ಇದ್ದದ್ದರಿಂದ ಅವನು ಸಂಪುಟವನ್ನು ಚೀಲದಲ್ಲಿ ಹೊತ್ತುಕೊಂಡು ಬಂದು, ಮಂಚದ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದ. ಟಿಕ್ಕು, ಸಹಿ, ತಿರುಗಿಸು. ಟಿಕ್ಕು, ಸಹಿ, ತಿರುಗಿಸು. ಹತ್ತು ಗಂಟೆಗೆ ಶುರು ಮಾಡಿದಾಗ ಓದಿಯೇ ಸಹಿ ಹಾಕುತ್ತಿದ್ದ. ಹನ್ನೆರಡಾಗುವಷ್ಟರಲ್ಲಿ ಕಣ್ಣು ಪುಟದ ಬುಡ ಬಿಟ್ಟು ಮೇಲೇರುತ್ತಿರಲಿಲ್ಲ. ಅಕ್ಕ ಸ್ವಲ್ಪ ಹೊತ್ತು ನೋಡಿ, "ಲೋ, ಓದ್ತಾ ಇದೀಯೋ, ಬರೀ ಗೀಚ್ತಾ ಇದೀಯೋ?" ಎಂದಳು. "ಓದ್ತಾ ಇದೀನಕ್ಕ." "ಹೌದಾ? ನಡುವಿಂದ ಒಂದು ಪ್ರಶ್ನೆ ಕೇಳ್ಲಾ ಹಾಗಾದ್ರೆ?" ಇಬ್ಬರೂ ನಕ್ಕರು. ಅವನು ಚಿಕ್ಕವನಿದ್ದಾಗ ದಿನಾ ಸಂಜೆ ಅದೇ ಪರೀಕ್ಷೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಓದಿದ್ಯೇನೋ?" ಅನ್ನುವಳು. ಇವನು "ಹೂಂ" ಅನ್ನುವನು. ಅವಳು ಪುಸ್ತಕ ಕಸಿದುಕೊಂಡು ಸರಿಯಾಗಿ ನಡುಮಧ್ಯದಿಂದ ಒಂದು ಪ್ರಶ್ನೆ ಕೇಳುವಳು. ಇವನು ಪಿಳಿಪಿಳಿ ಕಣ್ಣು ಬಿಟ್ಟರೆ ಕಿವಿ ಅವಳ ಕೈಗೆ. "ಮೊದಲ್ನೇ ಪುಟಾನೂ ಕೊನೇ ಪುಟಾನೂ ಕಳ್ಳನೂ ಓದ್ತಾನೆ ಕಣೋ" ಅನ್ನುವಳು. ಕಿವಿ ಹಿಂಡಿದ ಮೇಲೆ ಅದೇ ಕೈಯಿಂದ ತಲೆ ಸವರುವಳು.

ನಕ್ಕು ಎಷ್ಟು ಹೊತ್ತಾಗಿತ್ತೋ. ಆಮೇಲೆ ಅವಳು ಮೊಣಕೈ ಮುಟ್ಟಿ ಏನೋ ಹೇಳಿದಳು. ಒಂದೇ ಮಾತು, ತಗ್ಗಿದ ದನಿ, ಕೊನೆಗೆ ಪ್ರಶ್ನೆ ಕೇಳಿದ ಹಾಗೆ ಎತ್ತಿದ ರಾಗ. ಅವನು ತಲೆ ಎತ್ತದೆ "ಹೂಂ" ಅಂದು ಪುಟ ತಿರುಗಿಸಿದ. ಅವಳು ಸಮಾಧಾನವಾದವಳ ಹಾಗೆ ಕಣ್ಣು ಮುಚ್ಚಿದಳು. ಸಂಜೆ ಐದಕ್ಕೆ ನರ್ಸು ಬಂದು ಎಬ್ಬಿಸಿದಾಗ ಬಾಯಿ ಒಂದು ಕಡೆಗೆ ವಾಲಿತ್ತು. ಸ್ವಲ್ಪ ಮುಂಚೆ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಂದರು. ತಪ್ಪು ಹೊರಿಸಲಿಕ್ಕಲ್ಲ, ಸುಮ್ಮನೆ ಮಾತಿಗೆ ಅಂದರು. ಅಂದಿನಿಂದ ಇಂದಿನವರೆಗೆ ತಾನು ಯಾವುದಕ್ಕೆ ಹೂಂ ಅಂದೆ ಎಂಬುದು ಗೊತ್ತಿಲ್ಲದೆ ಅವನು ಬದುಕುತ್ತಿದ್ದಾನೆ. ನೀರು ಕೇಳಿದಳೋ? ಊಟ ಮಾಡಿದೆಯಾ ಅಂದಳೋ? ತಲೆ ಯಾಕೋ ಸಿಡೀತಿದೆ ಕಣೋ, ಯಾರನ್ನಾದರೂ ಕರೀತೀಯಾ ಅಂದಳೋ? ಹೆಂಡತಿಗೂ ಹೇಳಿಲ್ಲ. ಏನಂತ ಹೇಳುವುದು? ಆ ಜಾರಿದ ಗೆರೆಯನ್ನು ನೋಡುತ್ತ ಕೂತರೆ ಯಾವತ್ತಾದರೂ ಆ ಮಾತು ಕಿವಿಗೆ ಬಂದೀತು ಎಂಬ ಹುಚ್ಚು ಆಸೆಯಿಂದ ಪುಟ ತೆಗೆಯುತ್ತಿದ್ದ, ಅಷ್ಟೆ.

ನಿನ್ನೆ, ಯಾಕೋ, ಕಣ್ಣು ಮೇಲೆ ಹೋಯಿತು. ತೊಂಬತ್ತು ದಿನ ಇಲಿಗಳಿಗೆ ತಿನ್ನಿಸಿ ನೋಡಿದ ಪರೀಕ್ಷೆಯ ಪಟ್ಟಿ ಅದು. ಒಂದು ಗುಂಪಿಗೆ ಹಳೆಯ ಮೆಕ್ಕೆಜೋಳ, ಇನ್ನೊಂದಕ್ಕೆ ಹೊಸದು. ಕೊನೆಗೆ ಕೊಯ್ದು ಮೂತ್ರಪಿಂಡ ತೂಗುತ್ತಾರೆ. ಮೇಜಿಗೆ ಬಂದು ಕೂರುವ ಮುಂಚೆ ಅವನು ಪಶುವೈದ್ಯ. ಒಂದು ಕಾಲಕ್ಕೆ ತಾನೂ ಕೊಯ್ದವನೇ, ತೂಗಿದವನೇ. ಹೊಸ ಜೋಳ ತಿಂದ ಏಳನೆಯ ಗಂಡಿಲಿಯದು ಮೂರು ಪಾಯಿಂಟ್ ಮೂರು ಮೂರು ಗ್ರಾಮು. ತುಸು ಜಾಸ್ತಿಯಾಯಿತಲ್ಲ ಎಂದು ಹಳೆಯ ಅಭ್ಯಾಸಬಲದಿಂದ ಏಳು ಪುಟ ಹಿಂದೆ ತಿರುಗಿಸಿ ಹಳೆಯ ಜೋಳದ ಪಟ್ಟಿ ನೋಡಿದ. ಅಲ್ಲೂ ಏಳನೆಯದು ಮೂರು ಪಾಯಿಂಟ್ ಮೂರು ಮೂರು. ಆರನೆಯದರ ತೂಕವೂ ಎರಡು ಕಡೆ ಒಂದೇ. ಎಂಟನೆಯದೂ ಹಾಗೇ. ಬೆರಳಿಟ್ಟು ನೋಡಿದ, ಹತ್ತಕ್ಕೆ ಹತ್ತೂ ಅವೇ. ಒಂದೇ ಪಟ್ಟಿಯನ್ನು ಎರಡು ಕಡೆ ಅಂಟಿಸಿದ್ದರು. ಬಹುಶಃ ಟೈಪು ಮಾಡಿದವರ ಕೈತಪ್ಪು. ನಿಜವಾದ ಪಟ್ಟಿ ಕಂಪನಿಯ ಯಾವುದೋ ಪೆಟ್ಟಿಗೆಯಲ್ಲಿ ಬೆಚ್ಚಗೆ ಕೂತಿರಬಹುದು. ಅದರಲ್ಲಿ ಎಲ್ಲ ನೆಟ್ಟಗೇ ಇರಬಹುದು. ಇಲ್ಲದೆಯೂ ಇರಬಹುದು. ಯಾರು ಕಂಡಿದ್ದಾರೆ? 'ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡುಬಂದಿಲ್ಲ' ಎಂದು ಕಂಪನಿಯ ಮಾತನ್ನೇ ಇಳಿಸಿಕೊಂಡು ಸಾರಾಂಶದಲ್ಲಿ ಬರೆದವನು ಅವನೇ. ಹೇಗೆ ಕಂಡೀತು? ಒಬ್ಬನನ್ನೇ ಎರಡು ಸಲ ನಿಲ್ಲಿಸಿ, ಅಣ್ಣತಮ್ಮ ಇಬ್ಬರೂ ಒಂದೇ ಥರ ಇದ್ದಾರೆ ಅಂದ ಹಾಗಾಯಿತು. ಆ ಒಂದು ಸಾಲು ಓದಿ ಹದಿನೇಳು ಮಂದಿ ತಜ್ಞರು ತಲೆದೂಗಿದ್ದರು. ಪಟ್ಟಿಯ ತನಕ ಹೋದವರು ಒಬ್ಬರೂ ಇಲ್ಲ. ಮೇಷ್ಟ್ರ ಟಿಕ್ಕು ಇದೆಯಲ್ಲ! ಎದೆ ಧಸಕ್ಕೆನ್ನಬೇಕಾದ ಹೊತ್ತು ಅದು. ಅನ್ನಲಿಲ್ಲ. ಸಂಪುಟ ಮುಚ್ಚಿ ಮೇಲಿಟ್ಟು, ಕೈಗೆ ಅಂಟಿದ್ದ ಧೂಳು ತೊಳೆದುಕೊಂಡು ಬಂದು ಕೂತ.

ಹನ್ನೊಂದು ಗಂಟೆಗೆ ಟೀ ಯಂತ್ರದ ಹತ್ತಿರ ತಕ್ಕಡಿ ಸಿಕ್ಕಿದ. ಪಕ್ಕದ ಮೇಜಿನವನು; ಅಪಾಯದ ತೂಕ ಹಾಕುವುದು ಅವನ ಕೆಲಸ. ಯಾವ ಮಾತಿಗೂ 'ಒಂದು ಕಡೆ ನೋಡಿದ್ರೆ, ಇನ್ನೊಂದು ಕಡೆ ನೋಡಿದ್ರೆ' ಎಂದು ಎರಡು ತಟ್ಟೆ ಹಿಡಿದು ನಿಲ್ಲುವುದರಿಂದ ಆ ಹೆಸರು ಬಂದದ್ದು.

"ಒಂದು ಮಾತು ಕೇಳ್ಲಾ?" ಎಂದ ಇವನು.

"ಕೇಳಿ ಮೇಷ್ಟ್ರೇ, ಟೀ ಆರೋದ್ರೊಳಗೆ ಕೇಳಿ."

"ಒಂದು ಕಡತದಲ್ಲಿ, ಈ ಕಡತ ಅಂತಲ್ಲ, ಸುಮ್ನೆ ಯಾವುದೋ ಒಂದು, ಒಂದೇ ಪಟ್ಟಿ ಎರಡು ಸಲ ಬಂದಿದೆ ಅಂತ ಇಟ್ಕೊಳ್ಳಿ."

"ಇಟ್ಕೊಂಡೆ."

"ಕೊನೇ ದಿನ ಒಬ್ಬರ ಕಣ್ಣಿಗೆ ಬೀಳುತ್ತೆ."

"ಆ ಪುಟಕ್ಕೆ ಸೈನ್ ಇದೆಯಾ?"

"ಇದೆ."

"ಇದ್ರೆ ನೋಡಿದಾರೆ ಅಂತ ಆಯ್ತಲ್ರೀ. ನೋಡಿದ ಮೇಲೆ ತಪ್ಪು ಎಲ್ಲಿಂದ ಬರುತ್ತೆ?" ತಕ್ಕಡಿ ತನ್ನ ಮಾತಿಗೆ ತಾನೇ ನಕ್ಕ. ನಗು ಮುಗಿದ ಮೇಲೆ ಲೋಟದ ಮೇಲಿನಿಂದ ಒಂದು ಗಳಿಗೆ ಇವನ ಮುಖವನ್ನೇ ನೋಡಿದ. ಆಮೇಲೆ ದನಿ ತಗ್ಗಿಸಿ, "ಒಂದು ಕಡೆ ನೋಡಿದ್ರೆ ಹೇಳ್ಬೇಕು. ಇನ್ನೊಂದು ಕಡೆ ನೋಡಿದ್ರೆ, ಇಲ್ಲದ ಕಡತದ ಇಲ್ಲದ ತಪ್ಪಿಗೆ ಇರೋ ಮಾನ ಯಾಕೆ ಕಳ್ಕೋಬೇಕು? ಮನೇಲಿ ಅಕ್ಕ ಬೇರೆ ಮಲಗಿದಾರೆ ನಿಮಗೆ" ಎಂದ. ಟೀಯನ್ನು ಅರ್ಧಕ್ಕೇ ಚೆಲ್ಲಿ ಹೋದ. ಅವನಿಗೆ ಅರ್ಥವಾಗಿತ್ತು. ಅರ್ಥವಾದವರು ಈಗ ಇಬ್ಬರಾದರು, ಇಬ್ಬರೂ ಸುಮ್ಮನಿದ್ದರು. ಅಕ್ಕನ ಹೆಸರು ಈ ಬಾಯಿಂದ ಬಂತಲ್ಲ ಎಂದು ಇವನಿಗೆ ಸಿಟ್ಟು ಬರುವುದಿತ್ತು, ಬಾಗಿಲ ತನಕ ಬಂದು ವಾಪಸ್ಸು ಹೋಯಿತು.

ಊಟದ ಹೊತ್ತಿಗೆ ಮೇಡಂ ತಾವಾಗಿ ಅವನ ಮೇಜಿಗೆ ಬಂದರು. ಇಡೀ ಕಚೇರಿಗೆ ಹಿರಿಯರು ಅವರು. ಯಾರ ಮೇಜಿಗೂ ಹೋಗುವವರಲ್ಲ. ಇವನು ಬುತ್ತಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತ. ಒಮ್ಮೆ ಒಂದು ಸಭೆಯಲ್ಲಿ ಇವನಿಗೆ ಕುರ್ಚಿ ಸಾಲದೆ ಬಂದು, ಬಾಗಿಲ ಬಳಿ ಕಸದ ಬುಟ್ಟಿಯ ಪಕ್ಕ ನಿಂತು ಎರಡು ಗಂಟೆ ಕಳೆದಿದ್ದ. ಅವತ್ತು ಅವರು ಇವನನ್ನು ನೋಡಿಯೂ ನೋಡದ ಹಾಗೆ ಇದ್ದರು. ಇವತ್ತು ನಗುತ್ತಿದ್ದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಒಂದು ವಿಷಯ ಹೇಳೋಣ ಅಂತ ಬಂದೆ. ನಿಮ್ಮ ಸೈನ್ ಇದ್ದ ಪುಟಾನ ನಾನು ಎರಡನೇ ಸಲ ನೋಡೋದೇ ಇಲ್ಲ, ಗೊತ್ತಾ? ಮುಂದಿನ ತಿಂಗಳು ಹೊಸಬರು ಬರ್ತಾರೆ. ಕಡತ ಓದೋದು ಹೇಗೆ ಅಂತ ಅವರಿಗೆ ನೀವೇ ಪಾಠ ಮಾಡ್ಬೇಕು." ಹೇಳಲಿಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? 'ಮೇಡಂ, ಒಂದು ನಿಮಿಷ' ಅಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಕೈಯಲ್ಲಿ ಬುತ್ತಿಯ ಮುಚ್ಚಳವಿತ್ತು, ಅದರಿಂದ ನೀರು ತೊಟ್ಟಿಕ್ಕಿ ಅವರ ಚಪ್ಪಲಿಯ ಹತ್ತಿರ ಬೀಳುತ್ತಿತ್ತು, ಇವನು ಆ ಹನಿಗಳನ್ನೇ ನೋಡುತ್ತಿದ್ದ. "ಆಗಲಿ ಮೇಡಂ" ಎಂದ. ಅವರು ಹೋದ ಮೇಲೆ ಬಗ್ಗಿ ಕಾಗದದಿಂದ ನೆಲ ಒರೆಸಿದ. ಬುತ್ತಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದ.

ಮೂರು ಗಂಟೆಗೆ ಆಕ್ಷೇಪಣೆಯ ನಮೂನೆಯನ್ನು ಪರದೆಯ ಮೇಲೆ ತೆರೆದ. ತೆರೆಯುವಾಗ ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ. ನಾಲ್ಕೇ ಖಾನೆ. ಪುಟ ಯಾವುದು? ಬರೆದ: 214 ಮತ್ತು 221. ತಕರಾರೇನು? ಬರೆದ: ಎರಡೂ ಪಟ್ಟಿಗಳು ಒಂದೇ ಆಗಿವೆ. ಏನಾಗಬೇಕು? ಬರೆದ: ಮೂಲ ಪಟ್ಟಿ ತರಿಸಬೇಕು, ಅಲ್ಲಿಯ ತನಕ ಒಪ್ಪಿಗೆ ತಡೆಯಬೇಕು. ಎಷ್ಟು ಸುಲಭ! ಐದು ನಿಮಿಷವೂ ಹಿಡಿಯಲಿಲ್ಲ. ಇದನ್ನು ಕಳಿಸಿದರೆ ಗಡುವಿನ ಗಡಿಯಾರ ನಿಲ್ಲುತ್ತದೆ. ಕಂಪನಿಯವರು ಎರಡು ವಾರದಲ್ಲಿ ಸರಿಯಾದ ಪಟ್ಟಿ ಕಳಿಸುತ್ತಾರೆ. ಹತ್ತು ಇಲಿಗಳ ಮೂತ್ರಪಿಂಡ ನಿಜಕ್ಕೂ ಎಷ್ಟು ತೂಗಿದವು ಎಂದು ಜಗತ್ತಿಗೆ ಗೊತ್ತಾಗುತ್ತದೆ. ನಾಲ್ಕನೆಯ ಖಾನೆಗೆ ಕೆಂಪು ಚುಕ್ಕೆ ಇತ್ತು. ಅದನ್ನು ಖಾಲಿ ಬಿಟ್ಟರೆ ನಮೂನೆ ಮುಂದೆ ಹೋಗುವುದಿಲ್ಲ. 'ಮೊದಲ ಪರಿಶೀಲನೆಯಲ್ಲಿ ಇದು ಗಮನಕ್ಕೆ ಬಾರದಿರಲು ಕಾರಣವೇನು?' ಆ ಖಾನೆಯನ್ನು ಸೇರಿಸಿದವನು ಅವನೇ. ಆರು ವರ್ಷದ ಹಿಂದೆ, ಕೆಲವರು ನೋಡದೆಯೇ ಸಹಿ ಹಾಕುತ್ತಾರೆ ಎಂಬ ಗುಮಾನಿ ಹುಟ್ಟಿದಾಗ, ಹೀಗೊಂದು ಪ್ರಶ್ನೆ ಇದ್ದರೆ ಎಲ್ಲರಿಗೂ ಸ್ವಲ್ಪ ಹೆದರಿಕೆ ಇರುತ್ತದೆ ಎಂದು ಸಭೆಯಲ್ಲಿ ಸಲಹೆ ಕೊಟ್ಟಿದ್ದ. ಇಪ್ಪತ್ತೆರಡು ವರ್ಷದಲ್ಲಿ ಕಚೇರಿ ಒಪ್ಪಿದ ಅವನ ಸಲಹೆ ಅದೊಂದೇ. ತಾನು ತೋಡಿದ ಗುಂಡಿ ಎಂದರೆ ಇದೇ ಇರಬೇಕು.

ಮೊದಲು 'ಕಣ್ತಪ್ಪಿನಿಂದ' ಎಂದು ಬರೆದ. ಕಣ್ಣು ತಪ್ಪಬೇಕಾದರೆ ಕಣ್ಣು ಅಲ್ಲಿಗೆ ಹೋಗಿರಬೇಕಲ್ಲ. ಅಳಿಸಿದ. 'ಮನೆಯಲ್ಲಿ ಅನಾರೋಗ್ಯದ ನಿಮಿತ್ತ' ಎಂದು ಬರೆದ. ಅದನ್ನು ನೋಡುತ್ತ ಕೂತ. ಸುಳ್ಳಲ್ಲ, ಆದರೆ ಅಕ್ಕನ ಕಾಯಿಲೆ ಗೊತ್ತಾದದ್ದು ಸಂಜೆ ಐದಕ್ಕೆ. ಇವನು ಓದುವುದನ್ನು ಬಿಟ್ಟದ್ದು ಮಧ್ಯಾಹ್ನ ಹನ್ನೆರಡಕ್ಕೆ. ಅವಳ ನೆಪ ಹೇಳಿದರೆ ಮಾತು ಕಳೆದುಕೊಂಡವಳ ಮೇಲೆ ಇನ್ನೊಂದು ಗೂಬೆ ಕೂರಿಸಿದ ಹಾಗೆ. ಅಳಿಸಿದ. ಉಳಿದದ್ದು ಒಂದೇ ಮಾತು: ಓದಿರಲಿಲ್ಲ. ಅಷ್ಟೇ. ಹೊತ್ತಿಲ್ಲದವರೂ ಬರೆಯಬಹುದಾದಷ್ಟು ಚಿಕ್ಕದು. ಅದನ್ನು ಬರೆದರೆ ಈ ಪುಟ ಒಂದೇ ಅಲ್ಲ, ಹನ್ನೆರಡರಿಂದ ಐದರವರೆಗಿನ ಪುಟಗಳೆಲ್ಲ ಎದ್ದು ಬರುತ್ತವೆ. ಆಮೇಲೆ ಹಿಂದಿನ ಕಡತ, ಅದರ ಹಿಂದಿನದು. ಇಪ್ಪತ್ತೆರಡು ವರ್ಷದ ಟಿಕ್ಕುಗಳೆಲ್ಲ ಒಂದೊಂದಾಗಿ ಬಾಯಿ ಬಿಡುತ್ತವೆ. ಮತ್ತೆ ಯಾರೋ ಒಬ್ಬರು ಆ ಜಾರಿದ ಸಹಿಯ ಮೇಲೆ ಬೆರಳಿಟ್ಟು, ಇದು ಯಾಕೆ ಹೀಗಿದೆ ಎಂದು ಕೇಳುತ್ತಾರೆ. ಆಗ ಏನು ಹೇಳುವುದು? ಅವನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾದ. ಏನಕ್ಕೆ ಕಾಯುತ್ತಿದ್ದಾನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಮೂರೂ ಇಪ್ಪತ್ತು ಇದ್ದದ್ದು ಮೂರೂ ನಲವತ್ತಾಗಿತ್ತು.

ಮೂರೂ ಐವತ್ತಕ್ಕೆ ಮೇಡಂ ತಮ್ಮ ಕೋಣೆಯಿಂದ ಹೊರಗೆ ಬಂದು, ಒಂದೊಂದೇ ಮೇಜಿನ ಹಿಂದೆ ನಿಂತು ಕೇಳುತ್ತ ಬಂದರು. ಅದು ಅವರ ಪದ್ಧತಿ. ನಿಯಮದಲ್ಲಿ ಇಲ್ಲದಿದ್ದರೂ ಕೊನೆಯ ಹತ್ತು ನಿಮಿಷ ಒಂದು ಸುತ್ತು ಹಾಕುವರು. ತಕ್ಕಡಿಯನ್ನು ಕೇಳಿದರು. "ಒಂದು ಕಡೆ ನೋಡಿದ್ರೂ ಏನಿಲ್ಲ, ಇನ್ನೊಂದು ಕಡೆ ನೋಡಿದ್ರೂ ಏನಿಲ್ಲ ಮೇಡಂ" ಎಂದ ಅವನು. ನಾಲ್ಕಾರು ಜನ ನಕ್ಕರು. ಅವನು ಇತ್ತ ತಿರುಗಲಿಲ್ಲ. ಹೆಜ್ಜೆ ಹತ್ತಿರವಾಯಿತು. ಇವನು ನಮೂನೆಯನ್ನು ಕೆಳಗಿಳಿಸಿ ಬೇರೆ ಏನನ್ನೋ ಮೇಲೆ ತಂದ, ಪರೀಕ್ಷೆಯಲ್ಲಿ ಚೀಟಿ ಮುಚ್ಚಿಕೊಳ್ಳುವವನ ಹಾಗೆ.

"ಏನೂ ಇಲ್ಲ ತಾನೇ?" ಎಂದರು ಮೇಡಂ.

"ಏನೂ ಇಲ್ಲ ಮೇಡಂ."

ದನಿ ಸರಿಯಾಗಿಯೇ ಬಂತು. ನಡುಗಲಿಲ್ಲ, ಒಡೆಯಲಿಲ್ಲ. ಅವರು ಅವನ ಭುಜ ತಟ್ಟಿ ಮುಂದೆ ಹೋದರು.

ಇನ್ನೂ ಎಂಟು ನಿಮಿಷವಿತ್ತು. ನಮೂನೆಯನ್ನು ಮತ್ತೆ ಮೇಲೆ ತಂದ. ಮೂರು ಖಾನೆ ತುಂಬಿದ್ದವು, ನಾಲ್ಕನೆಯದರಲ್ಲಿ ಒಂದು ಗೆರೆ ಮಿಣುಕುತ್ತ ನಿಂತಿತ್ತು. ಓ ಎಂದು ಬರೆದ. ದಿ ಎಂದು ಬರೆದ. ಅಲ್ಲಿಗೆ ನಿಂತ. ಅವನು ಹೆದರಿರಲಿಲ್ಲ, ಹೆದರಿದ್ದರೆ ಎಷ್ಟೋ ವಾಸಿಯಿತ್ತು, ಹೆದರಿದವನು ಓಡಿಯಾದರೂ ಹೋಗುತ್ತಾನೆ, ಕೂಗಿಯಾದರೂ ಬಿಡುತ್ತಾನೆ. ಇವನು ಸುಮ್ಮನೆ ಕೂತಿದ್ದ. ಗೋಡೆಯ ಮೇಲೆ ಬಣ್ಣ ಎದ್ದ ಕಡೆ ಒಂದು ಕಲೆಯಿತ್ತು, ಅದನ್ನು ನೋಡಿದ. ಯಾರೋ ಪೆನ್ನು ಬೀಳಿಸಿದರು, ಅದು ಉರುಳಿಕೊಂಡು ಹೋಗಿ ಕಪಾಟಿನ ಕೆಳಗೆ ಸೇರಿದ್ದನ್ನು ಕೇಳಿದ. ಆ ಕಪಾಟಿನಲ್ಲೇ ಮೂರನೆಯ ಸಂಪುಟ ಇರುವುದು. ಕಣ್ಣು ತಿರುಗಿಸಿ ನೋಡುವಷ್ಟರಲ್ಲಿ ನಾಲ್ಕು ಗಂಟೆಯಾಗಿ, ಪರದೆಯ ಮೇಲಿನ ನಾಲ್ಕೂ ಖಾನೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಬೆರಳೊತ್ತಿದರೆ ಏನೂ ಮೂಡಲಿಲ್ಲ. ಕೆಳಗೆ ಒಂದು ಸಾಲು ತಾನಾಗಿ ಬಂತು: ಆಕ್ಷೇಪಣೆಗಳು ಇಲ್ಲ. ಆಹಾರ ಮತ್ತು ಮೇವಿನ ಬಳಕೆಗೆ ಒಪ್ಪಿಗೆ. "ಉಸ್ಸಪ್ಪಾ, ಒಂದು ಮುಗೀತು" ಎಂದು ಯಾರೋ ಕೈ ಮೇಲೆತ್ತಿ ಮೈ ಮುರಿದರು. ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟುತ್ತಿದ್ದಾರೆ ಎಂದು ಅವನೂ ಎರಡು ಸಲ ತಟ್ಟಿದ. ನಾಳೆ ಬೇಕಾದರೆ ಒಂದು ಕಾಗದ ಬರೆದುಕೊಡಬಹುದು. ಕಾಗದಕ್ಕೆ ಗಡಿಯಾರ ನಿಲ್ಲಿಸುವ ಶಕ್ತಿಯಿಲ್ಲ. ಮತ್ತೆ ಅದರಲ್ಲೂ ಬರೆಯಬೇಕಾದದ್ದು ಅದೇ ಮಾತು.

ಮನೆಗೆ ಬಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಇವತ್ತು ನೀವೇ ತಿನ್ನಿಸಿ ಮಾರಾಯ್ರೆ, ನನ್ನ ಸೊಂಟ ಬಿದ್ದುಹೋಗಿದೆ. ಅಕ್ಕ ಆಗಿಂದ ಬಾಗಿಲೇ ನೋಡ್ತಾ ಇದಾರೆ" ಎಂದಳು. ಆಮೇಲೆ ಅವನನ್ನು ಸರಿಯಾಗಿ ನೋಡಿ, "ಏನಾಯ್ತು?" ಎಂದಳು. "ಏನೂ ಇಲ್ಲ" ಎಂದ. ಒಂದೇ ದಿನದಲ್ಲಿ ಎರಡನೆಯ ಸಲ ಆ ಮಾತು. ಈಗ ಇನ್ನೂ ಸಲೀಸಾಗಿ ಬಂತು. ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ ಬಟ್ಟಲಿಗೆ ಬೆಚ್ಚಗಿನ ಸಾರು ಬಗ್ಗಿಸಿದ. ಡಬ್ಬಿಯ ಮುಚ್ಚಳ ತೆಗೆದು ಬಿಳಿ ಪುಡಿ ಎರಡು ಚಮಚ ಹಾಕಿ ಕದಡಿದ. ಮೊದಲು ಗಂಟು ಗಂಟಾಯಿತು, ಕದಡುತ್ತ ಹೋದ ಹಾಗೆ ಕರಗಿ ನಿಧಾನವಾಗಿ ದಪ್ಪಗಾಯಿತು. ಈ ಡಬ್ಬಿಯ ಜೋಳ ಹಳೆಯದು, ಅವನಿಗೆ ಗೊತ್ತು. ಮುಂದಿನ ವರ್ಷದ ಡಬ್ಬಿಯ ಬೆನ್ನ ಮೇಲೂ ಇಷ್ಟೇ ಚಿಕ್ಕ ಅಕ್ಷರದಲ್ಲಿ ಇದೇ ಮಾತು ಇರುತ್ತದೆ. ಅದನ್ನು ಓದಿ ಅವನಿಗೇನು ತಿಳಿಯುತ್ತದೆ?

ಅಕ್ಕನ ಕೋಣೆಯಲ್ಲಿ ದೀಪ ಹಾಕಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಎದೆಗೆ ಟವೆಲು ಹೊದಿಸಿದ. ಮೊದಲ ಚಮಚ ಕೊಟ್ಟ, ಅವಳು ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದಳು. ಎರಡನೆಯದು ಕೊಟ್ಟ. ಮೂರನೆಯದನ್ನು ತುಂಬಿ ಎತ್ತಿದವನು ಅರ್ಧದಾರಿಯಲ್ಲಿ ಕೈ ನಿಲ್ಲಿಸಿದ. ಅವಳ ಎಡಗೈ ಹೊದಿಕೆಯ ಮೇಲಿನಿಂದ ಜಾರಿ ಬಂದು ಅವನ ಮೊಣಕೈ ಹಿಡಿದಿತ್ತು. ಅದೇ ಜಾಗ. ಅವನು ಈ ಸಲ ತಲೆ ಎತ್ತಿದ. ಪೂರ್ತಿ ಎತ್ತಿ, ಅವಳ ಮುಖದ ಹತ್ತಿರ ಕಿವಿ ತಂದು, "ಏನಕ್ಕ?" ಎಂದ. ಅವಳ ಗಂಟಲಲ್ಲಿ ಏನೋ ಗೊರಗೊರ ಎಂದಿತು, ಮಾತಾಗಲಿಲ್ಲ. ಅವನು ಕಾದ. ಇಡೀ ದಿನ ಎಲ್ಲಿ ಹೋಗಿತ್ತೋ, ಆ ಮಾತು ಈಗ ತಾನಾಗಿ ಅವನ ಬಾಯಿಗೆ ಬಂತು.

"ಓದಿರ್ಲಿಲ್ಲಕ್ಕ" ಎಂದ. "ಅವತ್ತು ನಾನು ಓದಿರ್ಲಿಲ್ಲ. ನೀನು ಹೇಳಿದ್ದೂ ಕೇಳಿಸ್ಕೊಂಡಿರ್ಲಿಲ್ಲ. ಸುಮ್ನೆ ಹೂಂ ಅಂದೆ."

ಹೇಳಿಯಾಯಿತು. ಎಲ್ಲಿ ಹೇಳಬೇಕಿತ್ತೋ ಅಲ್ಲಲ್ಲ, ಯಾವಾಗ ಹೇಳಬೇಕಿತ್ತೋ ಆಗಲ್ಲ, ಆದರೂ ಹೇಳಿಯಾಯಿತು. ಅವಳು ಅವನನ್ನೇ ನೋಡುತ್ತಿದ್ದಳು. ಅವನು ಮಗುವಾಗಿದ್ದಾಗ ಪುಸ್ತಕ ಕಸಿದುಕೊಂಡು ನೋಡುತ್ತಿದ್ದಳಲ್ಲ, ಆ ಕಣ್ಣುಗಳೇ. ನಡುವಿನಿಂದ ಒಂದು ಪ್ರಶ್ನೆ ಕೇಳಲಿ, ಕಿವಿ ಹಿಂಡಲಿ ಎಂದು ಅವನು ತಲೆ ಬಗ್ಗಿಸಿದ. ಅವಳ ಬೆರಳುಗಳು ಮೊಣಕೈಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದವು. ಚಮಚ ತಡವಾಗಿತ್ತು. ಅಕ್ಕನಿಗೆ ಹಸಿವಾಗಿತ್ತು. ಅವಳು ಬಾಯಿ ತೆರೆದಳು.

ಅವನು ಚಮಚ ಒಳಗಿಟ್ಟ. ಅದರಲ್ಲಿ ಏನಿದೆ, ಎಲ್ಲಿಂದ ಬಂತು, ಯಾರು ನೋಡಿ ಕೊಟ್ಟದ್ದು ಎಂದು ಒಂದೂ ಕೇಳದೆ, ತಮ್ಮನ ಮುಖ ನೋಡುತ್ತ ಅವಳು ಅದನ್ನು ನುಂಗಿದಳು. ನುಂಗಿ, ಇನ್ನೊಂದಕ್ಕೆ ಮತ್ತೆ ಬಾಯಿ ತೆರೆದಳು.